ಉದುರಿಹೋದ ‘ಅಂತೆ’

ಆ ಕೋಣೆ ನನಗೆ ಮೊದಲು ನೆನಪಾಗುವುದು ಪಾದಗಳಲ್ಲಿ. ಕತ್ರಿಗುಪ್ಪೆಯ ಹಳೆಯ ಕಟ್ಟಡವೊಂದರ ತಾರಸಿಯ ಮೇಲೆ, ಒಣಹಾಕಿದ ಸೀರೆಗಳ ಆಚೆ, ಶೀಟು ಹೊದಿಸಿದ ಕೋಣೆ. ನೆಲಕ್ಕೊಂದು ಜಮಖಾನ. ಕೆಳಗೆ ರಸ್ತೆ ಮಟ್ಟದಲ್ಲಿ ದೋಸೆ ಹಿಟ್ಟಿನ ಅಂಗಡಿ. ಅಲ್ಲಿ ಗ್ರೈಂಡರ್ ತಿರುಗಲು ಶುರುವಾದರೆ ಅದರ ಗುಂಯ್ ಎನ್ನುವ ಸದ್ದು ಕಂಬಗಳ ಮೂಲಕ ಹತ್ತಿ ಬಂದು ಜಮಖಾನದೊಳಗೆ ಕೂರುತ್ತಿತ್ತು. ನಾವು ಅದರ ಮೇಲೆ ಕೂತಿರುತ್ತಿದ್ದೆವು. ಭಾನುವಾರ ಮಧ್ಯಾಹ್ನ, ಊಟದ ಮಂಪರು, ಕಾದ ಶೀಟು, ನೆನೆದ ಉದ್ದಿನಬೇಳೆಯ ವಾಸನೆ, ಕಾಲಡಿಯಲ್ಲಿ ದೊಡ್ಡದೊಂದು ಜೇನುಹುಳ. ಮಕ್ಕಳು ಅರ್ಧ ಕನಸಿನಲ್ಲಿ ಇರುತ್ತಿದ್ದರು. ನಾನೂ ಅಷ್ಟೆ.

ನಮ್ಮದು ಬಡಾವಣೆಯ ಕೆಲವರು ಸೇರಿ ಕಟ್ಟಿಕೊಂಡ ಸಣ್ಣ ಸಂಘ. ಹೈಸ್ಕೂಲು ಮಕ್ಕಳಿಗೆ ಸುದ್ದಿ, ವಿಡಿಯೋ, ಫಾರ್ವರ್ಡ್‌ಗಳನ್ನು ನಂಬುವ ಮುಂಚೆ ಏನು ಕೇಳಬೇಕು ಎಂದು ಕಲಿಸುವುದು ಅದರ ಕೆಲಸ. ಸಂಘಕ್ಕೆ ಉದ್ದವಾದ ಹೆಸರಿತ್ತು. ಮಕ್ಕಳು ‘ಸುದ್ದಿ ಕ್ಲಾಸು’ ಎಂದು ಕರೆದು ಅದನ್ನು ಮುಗಿಸಿಬಿಟ್ಟಿದ್ದರು. ವಾರವೆಲ್ಲ ನಾನು ಜಯನಗರದ ಒಂದು ಆಡಿಟ್ ಆಫೀಸಿನಲ್ಲಿ ಬೇರೆಯವರ ಲೆಕ್ಕ ನೋಡುತ್ತಿದ್ದೆ. ಭಾನುವಾರ ಇಲ್ಲಿ ಪಾಠ. ಕಟ್ಟಡದ ಮಾಲೀಕರು ಕೋಣೆಯನ್ನು ಸುಮ್ಮನೆ ಬಿಟ್ಟುಕೊಟ್ಟಿದ್ದರು. ಎಲ್ಲರಿಗೂ ಅವರು ಓನರ್ ತಾತ. ಈ ರಸ್ತೆಯೆಲ್ಲ ಅವರ ಮನೆಯವರ ರಾಗಿ ಹೊಲವಾಗಿದ್ದ ಕಾಲವನ್ನು ಅವರು ಎಷ್ಟು ಸಲೀಸಾಗಿ ಹೇಳುತ್ತಿದ್ದರೆಂದರೆ, ಮೆಟ್ಟಿಲಿಳಿದು ಹೋಗುವಾಗ ಡಾಂಬರಿನ ಕೆಳಗೆ ಇನ್ನೂ ತೆನೆ ತೂಗುತ್ತಿರಬಹುದು ಎಂದು ನನಗೆ ಅನ್ನಿಸುತ್ತಿತ್ತು.

ಪಾಠ ಮೊದಮೊದಲು ಚೆನ್ನಾಗಿ ನಡೆಯಲಿಲ್ಲ. ಸಂಘ ನಡೆಸುವ ಮೇಡಂ ಎಲ್ಲಿಂದಲೋ ತರಿಸಿದ್ದ ಹಾಳೆಗಳಲ್ಲಿ ‘ಮೂಲ’, ‘ಪರಿಶೀಲನೆ’, ‘ಪೂರ್ವಗ್ರಹ’ ಎಂಬ ಮಾತುಗಳಿದ್ದವು. ಅವನ್ನು ಬೋರ್ಡಿನ ಮೇಲೆ ಬರೆದ ಕೂಡಲೇ ಮಕ್ಕಳ ಕಣ್ಣು ಕಿಟಕಿಯಾಚೆ, ರಸ್ತೆಯ ಎದುರಿನ ದೊಡ್ಡ ನೀರಿನ ಟ್ಯಾಂಕಿಗೆ, ಅದರ ಮೇಲಿನ ಗಿಣಿಗಳಿಗೆ ಹೋಗುತ್ತಿತ್ತು. ಜನವರಿಯ ಒಂದು ಭಾನುವಾರ, ಒಂಬತ್ತನೇ ಕ್ಲಾಸಿನ ಒಬ್ಬಳು, ಕೆಳಗಿನ ಹಿಟ್ಟಿನಂಗಡಿ ಆಂಟಿಯ ಮಗಳು, ಆಕಳಿಸುತ್ತಲೇ ಕೇಳಿದಳು:

“ಅಕ್ಕ, ನೀವು ಇಷ್ಟೊತ್ತು ಹೇಳ್ತಿರೋದು ‘ಅಂತೆ’ ಬಗ್ಗೆ ತಾನೆ?”

“ಅಂದ್ರೆ?”

“ಪಕ್ಕದ್ಮನೆ ನಾಯಿ ಕಚ್ತು ಅಂದ್ರೆ ನಾನು ನೋಡ್ದೆ. ಕಚ್ತಂತೆ ಅಂದ್ರೆ ಯಾರೋ ಹೇಳಿದ್ರು. ಅಷ್ಟೇ ಅಲ್ವಾ?”

ಅಷ್ಟೇ ಆಗಿತ್ತು. ನಮ್ಮ ಮಾತಿನ ಬಾಲದಲ್ಲೇ ಅದು ಮೊದಲಿನಿಂದ ಕೂತಿತ್ತು. ನಾವು ಅದನ್ನು ಹಾಳೆಗಳಲ್ಲಿ ಹುಡುಕುತ್ತಿದ್ದೆವು. ಅಂದಿನಿಂದ ಆಟ ಬದಲಾಯಿತು. ಒಂದು ಸುದ್ದಿ ಓದುವುದು, ಅದರ ಕೊನೆಗೆ ‘ಅಂತೆ’ ಸೇರಿಸಿ ಮತ್ತೆ ಓದುವುದು, ಆಮೇಲೆ ಎಲ್ಲರೂ ಒಟ್ಟಿಗೆ “ಯಾರಂತೆ?” ಎಂದು ಕೂಗುವುದು. ಒಬ್ಬ ಹುಡುಗ ಪೇಪರಿನಿಂದ ‘ಎನ್ನಲಾಗಿದೆ’ ಎಂಬುದನ್ನು ಹಿಡಿದು ತಂದು, “ಇದು ಪ್ಯಾಂಟು ಹಾಕ್ಕೊಂಡಿರೋ ಅಂತೆ” ಎಂದ. ಕೋಣೆ ಬಿದ್ದು ಬಿದ್ದು ನಕ್ಕಿತು.

ನಾನು ಮನೆಯಲ್ಲೂ ಎಣಿಸಲು ಶುರುಮಾಡಿದೆ. ನನ್ನ ಡೈರಿಯಲ್ಲಿ ಮಳೆ ಬಂದ ದಿನ, ಬಸ್ಸು ತಪ್ಪಿದ ದಿನಗಳ ಜೊತೆಗೆ ಹೊಸದೊಂದು ಸಾಲು ಸೇರಿತು. ಮೊದಲ ಶನಿವಾರ: ಅಮ್ಮ ಒಂಬತ್ತು, ಅಪ್ಪ ಎರಡು, ನಾನು ಹನ್ನೊಂದು. ನನ್ನದೇ ಹೆಚ್ಚು ಎಂದು ಗೊತ್ತಾದಾಗ ಅಮ್ಮ, “ಬೇರೆಯವರಿಗೆ ಪಾಠ ಹೇಳೋಳಂತೆ ಇವಳು” ಎಂದಳು. ಅಮ್ಮನಿಗೆ ಹತ್ತಾಯಿತು.

ಅಂತೆ ಎಂದರೆ ಸುಳ್ಳಿನ ಗುರುತು ಎಂದೇ ನಾನು ಆಗ ನಂಬಿದ್ದೆ. ಅಂತೆಕಂತೆ ಎಂದು ನಾವು ಮೂಗು ಮುರಿಯುವುದೂ ಹಾಗೆಯೇ ತಾನೆ.

ನಮ್ಮ ಚಾರ್ಟುಗಳ ಕನ್ನಡ ತಿದ್ದಲು ಒಬ್ಬರು ಬರುತ್ತಿದ್ದರು. ರಿಟೈರಾದ ಕನ್ನಡ ಮೇಷ್ಟ್ರು, ಎರಡು ರಸ್ತೆ ಆಚೆ ಮನೆ. ಕತ್ರಿಗುಪ್ಪೆಯ ಅರ್ಧ ಮಕ್ಕಳು ಅವರ ಹತ್ತಿರ ವ್ಯಾಕರಣ ಕಲಿತವರು, ಆಂಟಿಯ ಮಗಳೂ ಸೇರಿದಂತೆ. ಮಕ್ಕಳು ಯಾವ ವಾಕ್ಯ ಹೇಳಿದರೂ ಅವರು ಬೆರಳೆತ್ತಿ “ಕರ್ತೃ ಎಲ್ಲಿ?” ಎಂದು ಕೇಳುತ್ತಿದ್ದರು, ಕಳೆದುಹೋದ ಮಗುವನ್ನು ವಿಚಾರಿಸುವ ಹಾಗೆ. ನಮ್ಮ ‘ಅಂತೆ’ ಚಾರ್ಟನ್ನು ನೋಡಿ ಅವರಿಗೆ ನಿಜಕ್ಕೂ ನೋವಾಯಿತು.

“ಇದು ಬಾಯಿಮಾತಮ್ಮ. ಬರವಣಿಗೆಗೆ ತರಬಾರದು. ಅಡುಗೆಮನೆ ಚಪ್ಪಲಿ ಹಾಕ್ಕೊಂಡು ಸಭೆಗೆ ಹೋಗ್ತಾರಾ?” ಎಂದು ಕೆಂಪು ಪೆನ್ನಿನಿಂದ ಒಂದೊಂದೇ ‘ಅಂತೆ’ಯನ್ನು ಮೃದುವಾಗಿ ಹೊಡೆದುಹಾಕಿದರು. ಅವರು ಹೋದ ಮೇಲೆ ಮಕ್ಕಳು ಅವನ್ನು ಮತ್ತೆ ಬರೆದರು.

ಮಾರ್ಚ್ ಬಂತು. ಹೊಂಗೆ ಹೂ ಬಿಡುವ ವಾರಗಳು. ಸಂಜೆ ಬಸ್ಸಿಳಿದು ಬರುವಾಗ ರಸ್ತೆಯಂಚಿನಲ್ಲಿ ಹೂವು ಹೊಟ್ಟಿನಂತೆ ಗುಡ್ಡೆಯಾಗಿರುತ್ತಿತ್ತು. ಗಾಳಿ ಬೀಸಿದರೆ ಇಡೀ ಫುಟ್‌ಪಾತು ಒಂದು ಗೇಣು ಸರಿದಂತೆ ಕಾಣುತ್ತಿತ್ತು. ಅಂಥ ಒಂದು ಮಂಗಳವಾರ ಬಡಾವಣೆಯ ವಾಟ್ಸಾಪ್ ಗುಂಪಿಗೆ ಆ ಮೆಸೇಜು ಬಂತು. ಯಾರೋ ಎಲ್ಲಿಂದಲೋ ಫಾರ್ವರ್ಡ್ ಮಾಡಿದ್ದು.

‘ಸಾರ್ವಜನಿಕರ ಗಮನಕ್ಕೆ. ನಮ್ಮ ಬಡಾವಣೆಯ ನೀರಿನ ಟ್ಯಾಂಕ್ ಎದುರಿನ ಕಟ್ಟಡದ ಅಂಗಡಿಯಲ್ಲಿ ಮಾರಾಟವಾಗುವ ದೋಸೆ ಹಿಟ್ಟಿಗೆ ಸುಣ್ಣವನ್ನು ಬೆರೆಸಲಾಗುತ್ತಿದೆ. ಇದನ್ನು ಸೇವಿಸಿದ ಮಗುವೊಂದು ಅಸ್ವಸ್ಥಗೊಂಡಿದೆ. ಎಚ್ಚರಿಕೆ ವಹಿಸತಕ್ಕದ್ದು.’

ನೀರಿನ ಟ್ಯಾಂಕ್ ಎದುರು ಇದ್ದದ್ದು ಒಂದೇ ಹಿಟ್ಟಿನಂಗಡಿ.

ಆ ಭಾನುವಾರ ನಾನು ಜಮಖಾನದ ಮೇಲೆ ಕೂತಾಗ ಏನೋ ಇಲ್ಲವೆನ್ನಿಸಿತು. ಏನು ಎಂದು ತಕ್ಷಣ ತಿಳಿಯಲಿಲ್ಲ. ಸೀರೆಗಳಿದ್ದವು, ಗಿಣಿಗಳಿದ್ದವು, ಮಕ್ಕಳಿದ್ದರು. ಪಾದಗಳಿಗೆ ಮೊದಲು ಗೊತ್ತಾಯಿತು. ನೆಲ ಸುಮ್ಮನಿತ್ತು.

ಆಂಟಿಯ ಮಗಳು ತಡವಾಗಿ ಬಂದಳು. ಬಾಗಿಲ ಹತ್ತಿರವೇ ಕೂತಳು.

“ಮೂರು ದಿನದ ಹಿಟ್ಟು ಹುಳಿ ಬಂದು ಚರಂಡಿಗೆ ಹೋಯ್ತು. ಯುಗಾದಿ ಆದ್ಮೇಲೆ ಅಂಗಡಿ ಕೀ ತಾತಂಗೆ ವಾಪಸ್ ಕೊಡ್ತೀನಿ ಅಂತಿದಾರೆ ಅಮ್ಮ. ಚಿಕ್ಕಮ್ಮನ ಊರಿಗೆ ಹೋಗೋದು. ನಾನೂ. ಸ್ಕೂಲ್ ಅಲ್ಲೇ ಅಂತೆ.” ಅವಳು ಆ ಕೊನೆಯ ಪದವನ್ನು ಕೇಳಿಸಿಕೊಂಡು ತಾನೇ ಸುಮ್ಮನಾದಳು.

ಯಾರು ಬರೆದದ್ದೆಂದು ಮನೆಮನೆ ಕೇಳೋಣ ಎಂದು ಹುಡುಗರು ಎದ್ದೇಬಿಟ್ಟರು. ಮೇಡಂ ತಡೆದರು. “ಕೇಳೋಕೆ ಹೋಗಿ. ಹಿಡಿಯೋಕೆ ಹೋಗ್ಬೇಡಿ” ಎಂದರು. ಅವಳು ಮಾತ್ರ, “ಯಾರನ್ನೂ ಕೇಳ್ಬೇಡಿ ಪ್ಲೀಸ್. ಕೇಳ್ದಷ್ಟೂ ಇನ್ನೂ ನಾಲ್ಕು ಜನ ಓದ್ತಾರೆ” ಎಂದಳು. ಅದೂ ನಿಜವೇ. ಹೀಗಾಗಿ ನಾವು ಎಲ್ಲಿಗೂ ಹೋಗದೆ ಆ ಮೆಸೇಜನ್ನು ಬೋರ್ಡಿನ ಮೇಲೆ ಬರೆದುಕೊಂಡು ಅದರ ಮುಂದೆ ಕೂತೆವು.

ಸುಳ್ಳು ಮೆಸೇಜಿನಲ್ಲಿ ಕಾಗುಣಿತ ತಪ್ಪಿರುತ್ತದೆ, ಉದ್ಗಾರ ಚಿಹ್ನೆಗಳ ಸಾಲಿರುತ್ತದೆ ಎಂದು ನಾವೇ ಫೆಬ್ರವರಿಯಲ್ಲಿ ಕಲಿಸಿದ್ದೆವು. ಬಡಾವಣೆಯವರು ಇದನ್ನು ನಂಬಿದ್ದು ಅದು ಅಷ್ಟು ಅಚ್ಚುಕಟ್ಟಾಗಿದ್ದುದಕ್ಕೇ. ನನ್ನ ಅಪ್ಪನೇ ಹೇಳಿದ್ದರು, “ಎಷ್ಟು ಡೀಸೆಂಟಾಗಿ ಬರ್ದಿದಾರೆ, ಯಾರೋ ಆಫೀಸರ್ ಇರ್ಬೇಕು” ಎಂದು.

ಗಾಳಿಗೆ ಹೊರಗಿನ ಸೀರೆಯೊಂದು ಉಬ್ಬಿ ಇಳಿಯಿತು. ಅದರ ಹಸಿರು ನೆರಳು ಬೋರ್ಡಿನ ಮೇಲೆ ಹರಿದು ಹೋಯಿತು. ಆಂಟಿಯ ಮಗಳು ನಿಧಾನವಾಗಿ ಎದ್ದು ಬಂದು ‘ವಹಿಸತಕ್ಕದ್ದು’ ಎಂಬುದರ ಕೆಳಗೆ ಬೆರಳಿಟ್ಟಳು.

“ಅಕ್ಕ, ಇದರಲ್ಲಿ ಒಂದೂ ತಪ್ಪಿಲ್ಲ. ‘ಅಸ್ವಸ್ಥ’ದಲ್ಲಿ ಥ ಕೂಡ ಮಹಾಪ್ರಾಣ. ಕತ್ರಿಗುಪ್ಪೇಲಿ ಇಷ್ಟು ಸರಿಯಾಗಿ ಯಾರು ಬರೀತಾರೆ?”

ಮಕ್ಕಳ ಕಣ್ಣು ಚಾರ್ಟಿನ ಕೆಂಪು ಗೀಟುಗಳ ಕಡೆ ಹೋಯಿತು. ಎಲ್ಲರಿಗೂ ಗೊತ್ತಿತ್ತು.

ಮೇಷ್ಟ್ರ ಮನೆಗೆ ಮೇಡಂ, ನಾನು, ಅವಳು, ಮೂವರೇ ಹೋದೆವು. ಅವರು ಹಜಾರದಲ್ಲಿ ಪೇಪರು ಓದುತ್ತಿದ್ದರು. ಬಚ್ಚಿಡಲಿಲ್ಲ. “ಹೌದು, ಬರೆದದ್ದು ನಾನೇ. ನಾಲ್ಕು ಜನ ಸ್ನೇಹಿತರಿಗೆ ಕಳಿಸಿದೆ. ಮಗುವಿನ ವಿಷಯ, ಸುಮ್ಮನಿರೋದು ಹೇಗೆ? ಕಟ್ಟಡದ ಮಾಲೀಕರೇ ಪಾರ್ಕಿನಲ್ಲಿ ಹೇಳಿದರಲ್ಲ” ಎಂದರು. ಆಮೇಲಷ್ಟೆ ಅವರ ಕಣ್ಣು ನನ್ನ ಹಿಂದೆ ನಿಂತವಳ ಮೇಲೆ ಬಿತ್ತು. ಅಂಗಡಿ ಅವಳ ಅಮ್ಮನದು ಎಂದು ಅವರಿಗೆ ಗೊತ್ತಿರಲಿಲ್ಲ. ಅವರ ಮನೆಗೆ ಹಿಟ್ಟು ತರುವುದು ಸೊಸೆ. ಹುಡುಗಿಯ ಹೆಸರು ಹಿಡಿದು ಏನೋ ಹೇಳಹೊರಟರು. ವಾಕ್ಯ ಮುಗಿಯಲಿಲ್ಲ.

ಅವರನ್ನೂ ಕರೆದುಕೊಂಡೇ ತಾರಸಿಗೆ ಬಂದೆವು. ಓನರ್ ತಾತ ತಾರಸಿಗೆ ಬೀಳುವ ಟ್ಯಾಂಕಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿದ್ದರು. ವಿಷಯ ಕೇಳಿ ಅವರ ನಿದ್ದೆ ಹಾರಿಹೋಯಿತು.

“ಅಯ್ಯೋ ಮೇಷ್ಟ್ರೇ! ನಾ ಹೊಗಳ್ದೆ ಕಣ್ರೀ!”

“ಹೊಗಳಿದ್ರಾ?”

“ಮತ್ತೆ? ಎಲ್ಲೋ ಸುಬ್ರಹ್ಮಣ್ಯಪುರದ ಆಚೆ ಹಿಟ್ಟಿಗೆ ಸುಣ್ಣ ಬೆರಸ್ತಾರಂತೆ, ಯಾವ್ದೋ ಮಗೀಗೆ ಹುಷಾರಿಲ್ವಂತೆ, ನಮ್ ಬಿಲ್ಡಿಂಗ್ ಅಂಗಡೀದು ಹಂಗಲ್ಲ ಬುಡಿ, ಕಣ್ಮುಚ್ಕೊಂಡು ತಗೋಬೋದು ಅಂದೆ. ನೀವೂ ತಲೆ ಆಡಿಸಿದ್ರಲ್ಲ!”

 ಮೇಷ್ಟ್ರು ಬಲಗಿವಿಯ ಮೇಲೆ ಕೈಯಿಟ್ಟುಕೊಂಡರು. “ಈ ಕಿವಿ ಸ್ವಲ್ಪ ಮಂದ. ಆ ಹೊತ್ತಿಗೆ ನಗೆಕೂಟದವರು ಶುರುಮಾಡಿದರು” ಎಂದರು.

ನನಗೆ ಅದೆಲ್ಲ ಕಣ್ಣಿಗೆ ಕಟ್ಟಿತು. ಬೆಳಗಿನ ಪಾರ್ಕು, ಹುಲ್ಲಿನ ಮೇಲೆ ಇನ್ನೂ ಎದ್ದು ಹೋಗದ ಮಂಜು, ವೃತ್ತವಾಗಿ ನಿಂತು ಕೈ ಮೇಲೆತ್ತಿ ಹ ಹ ಹ ಎಂದು ನಗುವ ಹಿರಿಯರು, ಸ್ವೆಟರು ಹಾಕಿಕೊಂಡ ಆ ದೊಡ್ಡ ನಗು ಬೆಂಚಿನ ತನಕ ಉರುಳಿ ಬಂದು ‘ಹಂಗಲ್ಲ ಬುಡಿ’ ಎಂಬ ಎರಡು ಪದಗಳನ್ನು ಮೆಲ್ಲಗೆ ಎತ್ತಿಕೊಂಡು ಹೋಗುವುದು. ಸುಬ್ರಹ್ಮಣ್ಯಪುರವನ್ನೂ ಅದೇ ನಗು ನುಂಗಿರಬೇಕು. ಮೇಷ್ಟ್ರ ಕಿವಿಗೆ ಬಂದು ತಲುಪಿದ್ದು ಸುಣ್ಣ, ಮಗು, ನಮ್ಮ ಬಿಲ್ಡಿಂಗ್ ಅಂಗಡಿ.

“ಅದೇನೋ ಸರಿ ಸಾರ್,” ಎಂದಳು ಆಂಟಿಯ ಮಗಳು. “ನಕ್ಕಿದ್ದು ಅವರು. ಅಂತೆ ಎಲ್ಲಿ ಹೋಯ್ತು? ಬೆರಸ್ತಾರಂತೆ ಅಂತ ತಾನೆ ನಿಮಗೂ ಕೇಳಿಸಿದ್ದು?”

“ಕೇಳಿಸಿತು.”

“ಮತ್ತೆ?”

“ಬರೆಯುವಾಗ ತೆಗೆದೆ” ಎಂದರು ಮೇಷ್ಟ್ರು. “ಚೆನ್ನಾಗಿ ಕಾಣಲ್ಲ ಅಂತ.”

ಆ ಕ್ಷಣ ನನ್ನೊಳಗೆ ಏನೋ ತಲೆಕೆಳಗಾಯಿತು. ಡೈರಿಯಲ್ಲಿ ಎರಡು ತಿಂಗಳಿನಿಂದ ನಾನು ಎಣಿಸುತ್ತಿದ್ದದ್ದು ತಪ್ಪು ವಸ್ತುವನ್ನು. ತಾತ ನೋಡದ್ದನ್ನು ನೋಡಲಿಲ್ಲ ಎಂದೇ ಹೇಳಿದ್ದರು, ಪ್ರತಿ ವಾಕ್ಯದ ಕೊನೆಗೂ ಅದರ ಗುರುತು ಕಟ್ಟಿ ಕಳಿಸಿದ್ದರು. ನಮ್ಮ ಬಾಯಿ ದಿನವಿಡೀ ಪ್ರಾಮಾಣಿಕವಾಗಿ ಇರುತ್ತದೆ. ಬರೆಯಲು ಕೂತು ಇಸ್ತ್ರಿ ಮಾಡುವಾಗ ಆ ಗುರುತು ಉದುರಿಹೋಗುತ್ತದೆ. ಕೇಳಿದ್ದು ನೋಡಿದ್ದಾಗುತ್ತದೆ. ನಾನು ಎಣಿಸಬೇಕಾಗಿದ್ದದ್ದು ಹೇಳಿದ ಅಂತೆಗಳನ್ನಲ್ಲ, ಬಿದ್ದುಹೋದವನ್ನು. ಅವನ್ನು ಎಣಿಸುವುದು ಹೇಗೆ? ಸುಬ್ರಹ್ಮಣ್ಯಪುರದ ಆಚೆ ನಿಜಕ್ಕೂ ಏನಾದರೂ ನಡೆದಿತ್ತೇ ಎಂಬುದೂ ನಮಗೆ ಇಂದಿಗೂ ಗೊತ್ತಿಲ್ಲ. ತಾತನಿಗೆ ಹೇಳಿದವರಿಗೆ ಯಾರೋ ಹೇಳಿದ್ದರಂತೆ.

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ಅಲ್ಲೇ ಜಮಖಾನದ ಮೇಲೆ ಕೂತು ಒಂದು ತಿದ್ದುಪಡಿ ಬರೆದು ಓದಿದರು. ‘ಈ ಹಿಂದೆ ಪ್ರಕಟಿಸಲಾದ ಮಾಹಿತಿಯು ಸಮರ್ಪಕವಾಗಿರಲಿಲ್ಲವೆಂದು ತಿಳಿದುಬಂದಿದ್ದು, ಆದ ಅನನುಕೂಲಕ್ಕೆ ವಿಷಾದಿಸಲಾಗಿದೆ.’

ಅವಳು ಕೇಳಿಸಿಕೊಂಡಳು. ಆಮೇಲೆ ಬೆರಳೆತ್ತಿದಳು.

“ಸಾರ್, ಕರ್ತೃ ಎಲ್ಲಿ?”

ತಾತ ಬಾಯಿಗೆ ಟವೆಲ್ ಅಡ್ಡ ಹಿಡಿದುಕೊಂಡರು. ಮೇಷ್ಟ್ರ ಮುಖ ಕೆಂಪಾಗಿ, ಆಮೇಲೆ ಬಿಳುಪಾಗಿ, ಕೊನೆಗೆ ತರಗತಿಯಲ್ಲಿ ಸರಿಯುತ್ತರ ಬಂದಾಗ ಆಗುತ್ತಿದ್ದ ಹಾಗೆ ಆಯಿತು. ಅದು ನೋವೋ ಹೆಮ್ಮೆಯೋ ನನಗೆ ಬೇರ್ಪಡಿಸಲು ಆಗಲಿಲ್ಲ.

“ಬರೀಬೇಡಿ ಸಾರ್. ಬರೆದ್ರೆ ಮತ್ತೆ ಚೆನ್ನಾಗಿಬಿಡುತ್ತೆ. ಬಾಯಲ್ಲಿ ಹೇಳಿ. ವಾಯ್ಸ್ ಮೆಸೇಜ್ ಕಳ್ಸೋಣ.”

ಮೊದಲ ಸಲ ಅವರು ಆಕಾಶವಾಣಿಯಲ್ಲಿ ಓದುವ ಹಾಗೆ ಓದಿದರು. ಬೇಡವೆಂದಳು. ಎರಡನೇ ಸಲ ಗಿಣಿಗಳು ಅಡ್ಡಬಂದವು. ಮತ್ತೊಂದು ಸಲ ತಾತ ನಡುವೆ “ಜೋರಾಗಿ ಹೇಳಿ ಮೇಷ್ಟ್ರೇ” ಎಂದರು. ಬಿಸಿಲು ಟ್ಯಾಂಕಿನ ಆಚೆ ಇಳಿದು ಕೋಣೆಯೆಲ್ಲ ಬೆಲ್ಲದ ಬಣ್ಣವಾಯಿತು. ಆ ಬಣ್ಣದೊಳಗೆ ಮೇಷ್ಟ್ರು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಯಾರೂ ಕೇಳಿರದ ತಮ್ಮ ಮನೆಮಾತಿನಲ್ಲಿ ಹೇಳಿದರು:

“ಹಿಟ್ಟಿನಂಗಡಿ ಬಗ್ಗೆ ಬರ್ದಿದ್ದು ನಾನು. ನಾನು ನೋಡ್ಲಿಲ್ಲ. ಅರ್ಧ ಕೇಳಿಸ್ಕೊಂಡೆ. ಆ ಅಂಗಡಿ ಹಿಟ್ಟು ಚೆನ್ನಾಗಿದೆ ಅಂತ ಹೇಳಿದ್ದನ್ನೇ ಉಲ್ಟಾ ಬರ್ದೆ. ಅಂತೆ ಅಂತ ಇತ್ತು, ಅದನ್ನ ನಾನೇ ತೆಗ್ದೆ. ತಪ್ಪು ನಂದು.” ಆಮೇಲೆ ತಮ್ಮ ಹೆಸರು, ತಮ್ಮ ಮನೆಯ ರಸ್ತೆ ಹೇಳಿದರು.

ಅವಳು ಅದನ್ನು ಕಳಿಸಿದಳು. ಮೇಡಂ, ನಾನು, ಅಪ್ಪ ಎಲ್ಲರೂ ನಮಗೆ ಗೊತ್ತಿದ್ದ ಗುಂಪುಗಳಿಗೆಲ್ಲ ಹಾಕಿದೆವು. ಆ ರಾತ್ರಿ ಮಲಗಿದಾಗ ರಸ್ತೆಯ ಮನೆಗಳೆಲ್ಲ ಒಂದೊಂದಾಗಿ ಫೋನಿನ ನೀಲಿ ಬೆಳಕಿನಲ್ಲಿ ಹೊತ್ತಿಕೊಳ್ಳುವುದು, ಪ್ರತಿ ಕಿಟಕಿಯಲ್ಲೂ ಮೇಷ್ಟ್ರ ಧ್ವನಿ ದೀಪದಂತೆ ಕೂತಿರುವುದು ಕನಸಿನಲ್ಲಿ ಬಂತು. ಎಚ್ಚರದಲ್ಲಿ ಅಷ್ಟಾಗಲಿಲ್ಲ. ಮೆಸೇಜು ಹೋದಷ್ಟು ದೂರ ಧ್ವನಿ ಹೋಗಲಿಲ್ಲ. ಕೇಳಿದವರಲ್ಲಿ ಕೆಲವರು ಕೈಮುಗಿಯುವ ಚಿತ್ರ ಹಾಕಿದರು. ಇನ್ನು ಕೆಲವರು, “ಏನಾದ್ರೂ ಇಲ್ದೆ ಹಂಗೆ ಬರೀತಾರಾ” ಎಂದರು.

ಯುಗಾದಿಯ ಮಾರನೆಯ ದಿನ ಆಂಟಿ ಕೀ ಹಿಡಿದುಕೊಂಡು ತಾತನ ಮನೆ ಬಾಗಿಲಿಗೆ ಹೋದರು. ನಾನು ಅಲ್ಲಿರಲಿಲ್ಲ, ಮಗಳು ಹೇಳಿದ್ದು. ತಾತ ಕೈ ಚಾಚಲೇ ಇಲ್ಲವಂತೆ. “ನಂಗೆ ಹಿಟ್ಟು ಬೇಕು ಕಣವ್ವ, ಕೀ ಯಾಕೆ? ಕೀ ರುಬ್ಬಕ್ಕಾಯ್ತದಾ?” ಎಂದರಂತೆ. ಆಂಟಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತರಂತೆ. ಮಗಳು ನೋಡಿದ್ದು ಅಷ್ಟೆ. ಆಮೇಲೆ ಅವರು ಏನು ನಿರ್ಧಾರ ಮಾಡಿದರೆಂದು ಅವಳಿಗೂ ಹೇಳಲಿಲ್ಲ.

ಮುಂದಿನ ಭಾನುವಾರ ಪಾಠಕ್ಕೆ ಎಲ್ಲರೂ ಬಂದರು. ನಾನು ಬೋರ್ಡಿನ ಕಡೆ ಹೋಗಲಿಲ್ಲ. ಚಪ್ಪಲಿ ಬಿಟ್ಟು, ಪಾದಗಳನ್ನು ಜಮಖಾನಕ್ಕೆ ಒತ್ತಿಕೊಂಡು ಕೂತಿದ್ದೆವು, ನೆಲವೇ ಏನಾದರೂ ಹೇಳಲಿ ಎಂದು ಕಾಯುವವರ ಹಾಗೆ. ಹೊಂಗೆ ಹೂ ಮುಗಿದು ಹೊಸ ಎಲೆ ಬಂದಿತ್ತು. ಗಿಣಿಗಳು ಟ್ಯಾಂಕಿನ ಮೇಲಿಂದ ಎದ್ದು ಒಂದು ಸುತ್ತು ಹಾಕಿ ಅಲ್ಲೇ ಕೂತವು.

ಮೊದಲು ನಡುಕದಂತೆ ಬಂತು. ಆಮೇಲೆ ಗುಂಯ್ ಎಂದು ಒಂದೇ ಸಮನೆ ಕೇಳತೊಡಗಿತು. ಆಂಟಿಯ ಮಗಳು ಕಣ್ಣು ಮುಚ್ಚಿಕೊಂಡು ತಲೆಯನ್ನು ಗೋಡೆಗೆ ಆನಿಸಿದಳು. “ಅರ್ಧ ಲೋಡು” ಎಂದಳು, ಸದ್ದಿನಿಂದಲೇ ಅಳೆದು. “ಆದ್ರೂ ಹಾಕಿದಾರೆ.”

ಪಾಠ ಮುಗಿಸಿ ನಾವು ಕೆಳಗಿಳಿದಾಗ ಅಂಗಡಿಯ ಮುಂದೆ ಇಬ್ಬರೇ ಗಿರಾಕಿಗಳು. ಅವರ ಹಿಂದೆ, ಸ್ಟೀಲು ಡಬ್ಬಿ ಹಿಡಿದುಕೊಂಡು ಮೇಷ್ಟ್ರು. ಜೀವನದಲ್ಲಿ ಹಿಟ್ಟು ತರಲು ಬಂದದ್ದು ಅದೇ ಮೊದಲಿರಬೇಕು, ಡಬ್ಬಿಯನ್ನು ಹಾಜರಿ ಪುಸ್ತಕದ ಹಾಗೆ ಎದೆಗೆ ಒತ್ತಿಕೊಂಡಿದ್ದರು. ಸರದಿ ಬಂದಾಗ ಆಂಟಿ ಅವರ ಮುಖವನ್ನು ನೋಡಿದರು. ನಗಲಿಲ್ಲ. ಸೌಟು ತುಂಬಿ ಡಬ್ಬಿಗೆ ಸುರಿದರು, ಬಿಳಿಯ ಹಿಟ್ಟು ನಿಧಾನವಾಗಿ ಮಡಿಸಿಕೊಳ್ಳುತ್ತ ಇಳಿಯಿತು. ಮುಚ್ಚಳ ಹಾಕಿ ಮುಂದಕ್ಕೆ ನೂಕಿದರು.

“ಚೆನ್ನಾಗಿದ್ಯಂತೆ ಸಾರ್,” ಎಂದರು. “ತಗೊಂಡ್ಹೋಗಿ. ದೋಸೆ ಹುಯ್ದು, ತಿಂದು, ಆಮೇಲೆ ನೀವೇ ಬಂದು ಹೇಳಿ.”

ಮೇಷ್ಟ್ರು ತಲೆಯಾಡಿಸಿ, ಎರಡೂ ಕೈಯಲ್ಲಿ ಡಬ್ಬಿ ಹಿಡಿದು, ಚೆಲ್ಲದ ಹಾಗೆ ನಡೆದುಕೊಂಡು ಹೋದರು. ನಾನು ಅಲ್ಲೇ ನಿಂತಿದ್ದೆ. ಚಪ್ಪಲಿಯ ಮೂಲಕವೂ ಗ್ರೈಂಡರಿನ ಸದ್ದು ಪಾದಕ್ಕೆ ಬರುತ್ತಿತ್ತು.